ಲಾಲ್ ಸಾಬರ ಮೈಲೇಜು

ಲಾಲ್ ಸಾಬರು ತೀರಿಕೊಂಡರೆಂಬ ಸುದ್ದಿ ಗುಬ್ಬಿಗೆ ಮುಟ್ಟಿದ ಬೆಳಿಗ್ಗೆ ನೂರ್ ಅಹಮದ್ ತನ್ನ ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಗಾಡಿ ಕೆಟ್ಟಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಸೋರುತ್ತಿದೆ ಎಂಬ ಅನುಮಾನ ಅವನಿಗೆ ಅನೇಕ ವರ್ಷಗಳಿಂದ ಇತ್ತು. ಬಿಡುವು ಸಿಕ್ಕಾಗಲೆಲ್ಲ ಹೀಗೆ ಮಲಗಿ, ಒಂದು ತೊಟ್ಟಾದರೂ ಮುಖದ ಮೇಲೆ ಬೀಳಲಿ ಎಂದು ಕಾಯುತ್ತಿದ್ದ. ಒಂದು ದಿನವೂ ಬಿದ್ದಿರಲಿಲ್ಲ.

ಅಕ್ಕಿ ಗಿರಣಿಯ ರೈಟರು ಏದುಸಿರು ಬಿಡುತ್ತ ಬಂದು ಗಾಡಿಯ ಕೆಳಗೆ ಬಗ್ಗಿ ನೋಡಿದರು.

"ನೂರಣ್ಣ, ಕುಣಿಗಲ್ಲಿಂದ ಗಿರಣಿಗೆ ಫೋನ್ ಬಂದಿತ್ತು. ಲಾಲ್ ಸಾಬ್ರು ಹೋಗ್ಬುಟ್ರಂತೆ. ಸಾಯಂಕಾಲ ಅಸರ್ ನಮಾಜ್ ಆದ್ಮೇಲೆ ಮಣ್ಣು ಮಾಡ್ತಾರಂತೆ. ಕೊನೇಲಿ ನಿನ್ ಹೆಸ್ರೇ ಹೇಳ್ತಿದ್ರಂತೆ. ನೂರ ಬಂದು ಒಂದು ಮಾತು ಹೇಳ್ಲಿ, ಅಲ್ಲೀಗಂಟ ನನ್ ಜೀವಕ್ಕೆ ನೆಮ್ಮದಿ ಇಲ್ಲ ಅಂತಿದ್ರಂತೆ."

ನೂರ್ ಅಹಮದ್ ದಿಗ್ಗನೆ ಎದ್ದು ಕುಳಿತ. ಗಾಡಿಯ ಕೆಳಗಿರುವುದು ಅವನಿಗೆ ಮರೆತುಹೋಗಿತ್ತು. ತಲೆ ಚಾಸಿಗೆ ಬಡಿದು ದೊಡ್ಡ ಸದ್ದಾಯಿತು. ಹೊರಗೆ ತೆವಳಿ ಬಂದವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದು ಉಸ್ತಾದರಿಗಾಗಿಯೋ ಹಣೆಯ ಬುಗುಟಿಗಾಗಿಯೋ ರೈಟರಿಗೆ ತಿಳಿಯಲಿಲ್ಲ. ಎರಡಕ್ಕೂ ಸೇರಿಯೇ ಸಮಾಧಾನ ಹೇಳಿ ಹೋದರು.

ಲಾಲ್ ಸಾಬರು ನೂರ್ ಅಹಮದನಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಗುರು. ಸಂತೆ ಮೈದಾನದ ಪಕ್ಕದ ಹುಣಸೆ ಮರದ ಕೆಳಗೆ ಇಬ್ಬರ ಗಾಡಿಗಳೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಹಸಿರು ಗಾಡಿ ಗುರುವಿನದು, ಬೂದು ಗಾಡಿ ಶಿಷ್ಯನದು. ಒಂದೇ ಕಂಪನಿ, ಒಂದೇ ವರ್ಷ, ಒಂದೇ ರಸ್ತೆ, ಹೊರುವ ತೆಂಗಿನಕಾಯಿಯೂ ಒಂದೇ ಮಂಡಿಯದು. ಆದರೆ ಹಸಿರು ಗಾಡಿ ಡೀಸೆಲನ್ನು ಬರೀ ಮೂಸಿ ನೋಡಿಕೊಂಡು ತುಮಕೂರಿಗೆ ಹೋಗಿ ಬರುತ್ತಿತ್ತು. ಬೂದು ಗಾಡಿ ಬೇಸಿಗೆಯ ಎಮ್ಮೆಯಂತೆ ಕುಡಿಯುತ್ತಿತ್ತು. ಜಿಲ್ಲೆಯ ಡ್ರೈವರುಗಳೆಲ್ಲ ಲಾಲ್ ಸಾಬರನ್ನು 'ಮೈಲೇಜ್ ಉಸ್ತಾದ್' ಎಂದು ಕರೆದು ಕೈಗೆ ಮುತ್ತಿಡುತ್ತಿದ್ದರು. ನೂರ್ ಅಹಮದನನ್ನು ಕಂಡರೆ ಡೀಸೆಲ್ ಬಂಕಿನವರು ಮಾತ್ರ ಎದ್ದು ನಿಲ್ಲುತ್ತಿದ್ದರು.

ಪಾಪ, ಅವನು ಮಾಡದ ಪ್ರಯತ್ನವಿರಲಿಲ್ಲ. ಏರ್ ಫಿಲ್ಟರ್ ಬದಲಿಸಿದ, ನಾಜಲ್ ಬದಲಿಸಿದ, ಹೊಸ ಟೈರು ಹಾಕಿಸಿದ. ಗಾಡಿಯ ಭಾರ ಕಡಿಮೆಯಾಗಲೆಂದು ತಾನೇ ಮಧ್ಯಾಹ್ನದ ಊಟ ಬಿಟ್ಟು ನೋಡಿದ. "ನೀವು ಊಟ ಬಿಟ್ರಿ, ಗಾಡಿ ಕುಡಿಯೋದು ಬಿಡ್ಲಿಲ್ಲ. ನನ್ನ ಬದ್ಲು ಅದನ್ನೇ ಕಟ್ಕೋಬೇಕಿತ್ತು, ಜೋಡಿ ಸರಿಹೋಗ್ತಿತ್ತು" ಎಂದು ಹೆಂಡತಿ ತಾಜುನ್ನೀಸಾ ಚುಚ್ಚುತ್ತಿದ್ದಳು.

ಲಾಲ್ ಸಾಬರೊಬ್ಬರೇ ಅವನ ಬೆನ್ನು ಸವರಿ ಧೈರ್ಯ ಹೇಳುವವರು. "ಆಕ್ಸಿಲರೇಟರ್ ಮೇಲೆ ಕಾಲಿಡೋದು ಹೆಂಗಿರ್ಬೇಕು ಗೊತ್ತೇನೋ ನೂರ? ನಿದ್ದೆ ಮಾಡೋ ಮಗೀನ ಮೈಮೇಲೆ ಕೈ ಇಟ್ಟಂಗೆ ಇರ್ಬೇಕು" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಬಾಯಿಂದ ಲವಂಗದ ಘಮ ಬರುತ್ತಿತ್ತು. ಸದಾ ಲವಂಗ ಅಗಿಯುತ್ತಿದ್ದರು. ಐದು ಹೊತ್ತೂ ದೇವರ ಹೆಸರು ಹೇಳುವ ಬಾಯಿ ಸುವಾಸನೆಯಾಗಿರಬೇಕೆಂದು ಹಾಗೆ ಮಾಡುತ್ತಾರೆಂದು ಜನ ಅವರ ಭಕ್ತಿಯನ್ನು ಕೊಂಡಾಡುತ್ತಿದ್ದರು. ರಾತ್ರಿಯ ಇಶಾ ನಮಾಜ್ ಮುಗಿಸಿ ಮನೆಗೆ ಹೋಗುವ ಮುಂಚೆ ಹುಣಸೆ ಮರದ ಕೆಳಗೆ ಹೋಗಿ ಎರಡೂ ಗಾಡಿಗಳನ್ನು ನೋಡಿಕೊಂಡು ಬರುವುದು ಅವರ ನಿತ್ಯದ ನೇಮ. 'ನನ್ನ ಗಾಡಿಗೂ ಕಾವಲು ಕಾಯುವ ಇಂಥ ಗುರು ಯಾರಿಗುಂಟು' ಎಂದು ನೂರ್ ಅಹಮದ್ ಕರಗಿಹೋಗುತ್ತಿದ್ದ.

ಈಚೆಗೆ ಎದೆನೋವು ಬಂದು ಲಾಲ್ ಸಾಬರು ಹೆಂಡತಿಯೊಡನೆ ಹಸಿರು ಗಾಡಿ ಏರಿ ಕುಣಿಗಲ್ಲಿನ ಮಗಳ ಮನೆಗೆ ಹೋಗಿದ್ದರು. ಅಷ್ಟರಲ್ಲೇ ಡೀಸೆಲ್ ಅಭಾವವೂ ಬಂತು. ಅದು ಎಪ್ಪತ್ತೊಂಬತ್ತನೆಯ ಇಸವಿ. ಬಂಕುಗಳಲ್ಲಿ 'ಸ್ಟಾಕ್ ಇಲ್ಲ' ಎಂಬ ಬೋರ್ಡು ತೂಗುತ್ತಿತ್ತು. ಬಸ್ಸುಗಳು ಅರ್ಧಕ್ಕರ್ಧ ನಿಂತಿದ್ದವು. ಓಡುವ ಬಸ್ಸಿನ ಟಾಪಿನ ಮೇಲೂ ಜಾಗವಿರಲಿಲ್ಲ. ಕುಣಿಗಲ್ ಮುಟ್ಟಬೇಕಾದರೆ ಬೂದು ಗಾಡಿಯೇ ಗತಿ.

ಡೀಸೆಲ್ ಮುಳ್ಳು ಕೆಟ್ಟು ಯಾವುದೋ ಕಾಲವಾಗಿತ್ತು. ನೂರ್ ಅಹಮದ್ ಹುಣಸೆ ಬರಲನ್ನು ಟ್ಯಾಂಕಿನಲ್ಲಿ ಅದ್ದಿ ತೆಗೆದ. ತುದಿ ಹೆಬ್ಬೆರಳುದ್ದ ಒದ್ದೆಯಾಗಿತ್ತು.

"ಹೆಬ್ಬೂರಿಗೇ ನಿಲ್ಲುತ್ತೆ" ಎಂದು ಹಿಂದಿನಿಂದ ಒಂದು ದನಿ ಬಂತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರುದ್ರಯ್ಯನವರು ಕೊಡೆ ಹಿಡಿದು ನಿಂತಿದ್ದರು. "ನಾನೂ ಬರ್ತೀನಿ. ಲಾಲ್ ಸಾಬರು ನಮ್ಮ ಮನೆ ಸಾಮಾನು ಸಾಗಿಸಿದೋರು. ಆದರೆ ನಿನ್ನ ಗಾಡಿ ಕುಡಿಯೋ ಲೆಕ್ಕಕ್ಕೆ ಈ ಡೀಸೆಲ್ ಕುಣಿಗಲ್ ಮುಟ್ಟೋಲ್ಲ. ಭಾರ ಇಳಿಸು."

ನೂರ್ ಅಹಮದ್ ಸ್ಟೆಪ್ನಿ ಚಕ್ರ ಬಿಚ್ಚಿ ಕೆಳಗಿಟ್ಟ. ಜಾಕ್, ಸರಪಣಿ, ಟಾರ್ಪಾಲು, ಹಿಂದಿನ ಬಾಗಿಲು ಎಲ್ಲ ಇಳಿದವು. ಗಾಡಿ ಹಗುರವಾಯಿತೆಂದು ನೆಮ್ಮದಿಯಿಂದ ತಿರುಗಿ ನೋಡಿದರೆ ಆ ಜಾಗದಲ್ಲಿ ಪಂಕ್ಚರ್ ಅಂಗಡಿಯ ಅಡವಿಯಪ್ಪನೂ ಸೊಪ್ಪು ಮಾರುವ ನಿಂಗಮ್ಮನೂ ಹತ್ತಿ ಕುಳಿತಿದ್ದರು. ಅಡವಿಯಪ್ಪ ಅಕ್ಕಿ ಮೂಟೆಗೆ ಕೈಕಾಲು ಬಂದಂತಿದ್ದ. ನಿಂಗಮ್ಮ ಅವನಿಗೆ ಜೊತೆಯ ಮೂಟೆ.

"ಅಕ್ಕಾ, ಭಾರ ಆಯ್ತದೆ…" ಎಂದ ನೂರ್ ಅಹಮದ್ ಮೆಲ್ಲಗೆ.

"ಸುಮ್ಕಿರಣ್ಣ! ಸಾಬ್ರು ದಿನಾ ನನ್ ಹತ್ರಾನೇ ಪುದೀನ ತಗಳೋರು. ಬಾಯಿ ವಾಸ್ನೆ ಹೋಗಕ್ಕೆ ಲವಂಗ ಸಾಲ್ದು ನಿಂಗವ್ವ, ಪುದೀನಾನೂ ಕೊಡು ಅನ್ನೋರು. ಅಂಥ ಮನುಷ್ಯಂಗೆ ಒಂದು ಹಿಡಿ ಮಣ್ಣು ಕೊಡಕ್ಕೆ ನಾನು ಭಾರ ಆದ್ನಾ?"

"ಭಾರದ ಮಾತು ಬುಡ್ಲಾ ನೂರ. ಮೈಲೇಜು ಇರಾದು ಗಾಳೀಲಿ" ಎಂದ ಅಡವಿಯಪ್ಪ. ಜೊತೆಗೆ ತಂದಿದ್ದ ಕಾಲು ಪಂಪಿನಿಂದ ನಾಲ್ಕೂ ಚಕ್ರಕ್ಕೆ ಗಾಳಿ ಹೊಡೆಯತೊಡಗಿದ. "ಮೆತ್ತಗಿರೋ ಟೈರು ರೋಡಿಗೆ ಅಂಟ್ಕತದೆ, ಅಳೀಮಯ್ಯ ಮಾವನ ಮನೆಗೆ ಅಂಟ್ಕಂಡಂಗೆ. ಗಟ್ಟಿ ಇದ್ರೆ ಉಳ್ಳುತ್ತೆ." ಟೈರುಗಳು ತಮಟೆಯಂತೆ ಬಿಗಿಯಾಗುವವರೆಗೂ ಅವನು ಬಿಡಲಿಲ್ಲ.

ಗಾಡಿ ಹೊರಟಿತು. ಉರುಳಿತು ಎನ್ನುವುದಕ್ಕಿಂತ ಮಿಡತೆಯಂತೆ ನೆಗೆಯಿತು ಎನ್ನುವುದೇ ಸರಿ. ಒಂದು ಸಣ್ಣ ಕಲ್ಲು ಸಿಕ್ಕರೂ ಹಿಂದೆ ಕುಳಿತ ಮೂವರು ಒಟ್ಟಿಗೆ ಮೇಲೆದ್ದು ಬೇರೆ ಬೇರೆಯಾಗಿ ಕೆಳಗೆ ಬೀಳುತ್ತಿದ್ದರು. ನೂರ್ ಅಹಮದ್ ಮಾತ್ರ ಮಲಗಿದ ಮಗುವನ್ನು ನೆನೆದು ಆಕ್ಸಿಲರೇಟರಿನ ಮೇಲೆ ಕಾಲಿಟ್ಟಿದ್ದ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ಸ್ವಲ್ಪ ದೂರ ಹೋದ ಮೇಲೆ ರುದ್ರಯ್ಯ ಮೇಷ್ಟ್ರು ಒದ್ದೆ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದರು. "ಎದುರು ಗಾಳಿ! ನಾವು ಹೀಗೆ ಗೋಡೆ ಥರ ಕೂತ್ರೆ ಗಾಡಿ ಗಾಳೀನೂ ತಳ್ಕೊಂಡು ಹೋಗ್ಬೇಕು. ಅದಕ್ಕೆ ಡೀಸೆಲ್ ಬೇಡ್ವೇ? ಎಲ್ಲಾ ಮಲಗಿ!"

"ಮಲೀಕಳದಾ? ನಾಕು ಜನ ನೋಡಿದ್ರೆ ಏನಂದಾರು ಮೇಷ್ಟ್ರೇ?" ಎಂದಳು ನಿಂಗಮ್ಮ.

"ವಿಜ್ಞಾನಕ್ಕೆ ನಾಚಿಕೆ ಇಲ್ಲಮ್ಮ. ಮಲಗಿ!"

ಮೂವರೂ ಸಾಲಾಗಿ ಅಂಗಾತ ಮಲಗಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ನಿಂಗಮ್ಮ ಮುಖದ ಮೇಲೆ ಸೆರಗು ಎಳೆದುಕೊಂಡಳು. ಅಡವಿಯಪ್ಪ ಟವಲು ಹೊದ್ದ. ಮೇಷ್ಟ್ರು ಪಂಚೆಯ ತುದಿಯನ್ನೇ ಮುಖಕ್ಕೆ ಮುಚ್ಚಿಕೊಂಡರು. ಹಿಂದಿನ ಬಾಗಿಲು ಇಲ್ಲದ್ದರಿಂದ ಆರು ಪಾದಗಳು ಹೊರಗೆ ಚಾಚಿಕೊಂಡು, ಗಾಡಿ ನೆಗೆದಾಗಲೆಲ್ಲ ಅಲ್ಲಾಡುತ್ತಿದ್ದವು.

ಈ ಸ್ಥಿತಿಯಲ್ಲಿ ಗಾಡಿ ತುಮಕೂರಿನ ಟೌನ್ ಹಾಲ್ ಸರ್ಕಲ್ಲಿಗೆ ಬಂತು.

ಮೊದಲು ಒಬ್ಬ ಟೋಪಿ ತೆಗೆದು ನಿಂತ. ಆಮೇಲೆ ಎದುರಿನ ಹೋಟೆಲಿನವರು ರೇಡಿಯೋ ಆರಿಸಿದರು. ಹೂವಿನವಳೊಬ್ಬಳು 'ಅಯ್ಯೋ, ಒಂದೇ ಮನೇವ್ರಾ?' ಎಂದು ಕಣ್ಣೊರಸಿಕೊಂಡು ಒಂದು ಮೊಳ ಸೇವಂತಿಗೆಯನ್ನು ಆರು ಪಾದಗಳ ಮೇಲೆ ಹಾಕಿದಳು. ಪೊಲೀಸಿನವನು ಸೀಟಿ ಊದಿ ಗಾಡಿ ನಿಲ್ಲಿಸಿದ.

"ಎಲ್ಲಿ ಆಗಿದ್ದು ಆಕ್ಸಿಡೆಂಟು? ಹಿಂಗೆ ತೆರೆದ ಗಾಡೀಲಿ ತರ್ತಾರೇನಯ್ಯಾ? ತಿರುಗ್ಸು ಆಸ್ಪತ್ರೆಗೆ!"

"ಸಾರ್, ಇವರು ಸತ್ತಿಲ್ಲ. ಮೈಲೇಜಿಗೋಸ್ಕರ ಮಲಗವ್ರೆ."

"ಏನು?"

"ಸತ್ತಿರೋರು ಕುಣಿಗಲ್ಲಲ್ಲವ್ರೆ ಸಾರ್. ಇವರು ಅವರನ್ನ ನೋಡಕ್ಕೆ ಹೋಗ್ತಾವ್ರೆ."

ಪೊಲೀಸಿನವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅಷ್ಟರಲ್ಲಿ ಸೇವಂತಿಗೆ ಪಾದಕ್ಕೆ ಕಚಗುಳಿ ಇಟ್ಟು ನಿಂಗಮ್ಮ ಧಡಕ್ಕನೆ ಎದ್ದು ಕುಳಿತು, "ಯಾವಳೇ ಅವಳು ನಂಗೆ ಹೂ ಹಾಕಿದ್ದು?" ಎಂದು ಕೂಗಿದಳು. ಹೂವಿನವಳು ಬುಟ್ಟಿ ಬಿಟ್ಟು ಓಡಿದಳು. ಗುಂಪು ಚೆದುರಿತು. ಟೋಪಿ ತೆಗೆದವನು ಟೋಪಿಯನ್ನೂ ಬಿಟ್ಟು ಹೋದ.

ಪೊಲೀಸಿನವನು ಮೂವರನ್ನೂ ಇಳಿಸಿ, ನಾಡಿ ಹಿಡಿದು ನೋಡಿದ ಮೇಲೆಯೇ ನಂಬಿದ್ದು. ಅಷ್ಟು ಹೊತ್ತೂ ಇಂಜಿನ್ ಗುರುಗುಟ್ಟುತ್ತಿತ್ತು. "ಆಫ್ ಮಾಡ್ಲಾ, ನಿಂತಲ್ಲೇ ಕುಡೀತೈತೆ" ಎಂದು ಅಡವಿಯಪ್ಪ ಕೂಗಿದ. "ಆಫ್ ಮಾಡ್ಬೇಡ, ಮತ್ತೆ ಸ್ಟಾರ್ಟ್ ಮಾಡೋವಾಗ ಇನ್ನೂ ಜಾಸ್ತಿ ಕುಡಿಯುತ್ತೆ" ಎಂದು ಮೇಷ್ಟ್ರು ತಡೆದರು. ನೂರ್ ಅಹಮದ್ ಇಬ್ಬರ ಮಾತಿಗೂ ಬೆಲೆ ಕೊಟ್ಟು ಒಮ್ಮೆ ಆರಿಸಿ ಒಮ್ಮೆ ಹಚ್ಚುತ್ತ ನಿಂತಿದ್ದ. ಬಿಸಿಲು ನೆತ್ತಿಯಿಂದ ಜಾರತೊಡಗಿತ್ತು. ಉಸ್ತಾದರ ಮಯ್ಯತ್ತಿಗೆ ಹೆಗಲು ಕೊಡದಿದ್ದರೆ, ಅವರು ಬಯಸಿದ ಆ ಒಂದು ಮಾತು ಆಡದಿದ್ದರೆ, ಈ ಗಾಡಿ ಯಾಕೆ, ಈ ಬದುಕು ಯಾಕೆ?

ಕುಣಿಗಲ್ ರಸ್ತೆಗೆ ಬಿದ್ದಾಗ ಗಾಳಿ ಬೆನ್ನ ಹಿಂದಿನಿಂದ ಬೀಸತೊಡಗಿತು. ಮೇಷ್ಟ್ರಿಗೆ ಹುರುಪು ಬಂತು. "ಎಲ್ಲಾ ಎದ್ದು ನಿಲ್ಲಿ! ನಿಂಗಮ್ಮ, ಸೆರಗು ಬಿಚ್ಚಿ ಹಿಡಿ. ಅಡವಿಯಪ್ಪ, ಟವಲು! ಗಾಳಿ ನಮ್ಮನ್ನ ತಳ್ಳಲಿ!" ತಾವು ಕೊಡೆ ಬಿಚ್ಚಿ ಹಿಡಿದರು. ರಸ್ತೆ ತಿರುಗಿದಲ್ಲಿ ಗಾಳಿ ಅಡ್ಡ ಬಂತು. "ಕೂತ್ಕೊಳ್ಳಿ!" ಮುಂದಿನ ತಿರುವಿನಲ್ಲಿ ಎದುರು ಬಂತು. "ಮಲಗಿ!" ಮತ್ತೆ ಹಿಂದಿನಿಂದ. "ಏಳಿ!" ಶಾಲೆಯ ಡ್ರಿಲ್ಲಿಗಿಂತ ಕಠಿಣವಾಗಿ ಇದು ನಡೆಯಿತು. ಕೊಡೆ ಒಂದು ಸಲ ಉಲ್ಟಾ ಆಗಿ, ಮೇಷ್ಟ್ರನ್ನು ಗಾಡಿಯಿಂದ ಅರ್ಧ ಎತ್ತಿತು; ಅಡವಿಯಪ್ಪ ಕಾಲು ಹಿಡಿದು ಎಳೆದದ್ದರಿಂದ ವಿಜ್ಞಾನ ಉಳಿಯಿತು.

ಇಳಿಜಾರು ಬಂದಲ್ಲಿ ನೂರ್ ಅಹಮದ್ ಇಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಬಿಟ್ಟ. ಗಾಡಿ ಸದ್ದಿಲ್ಲದೆ ಜಾರಿ ಒಂದು ಕುರಿ ಮಂದೆಯ ನಡುವೆ ಹೋಗಿ ನಿಂತಿತು. ಮುಂದಿನ ದಿಬ್ಬದಲ್ಲಿ ಮೂವರೂ ಇಳಿದು ಗಾಡಿ ತಳ್ಳಿದರು. ಕುರಿಯವನು ನಗುತ್ತ ಕೈ ಕೊಟ್ಟ.

ಹೆಬ್ಬೂರು ಬಂತು. ಮೇಷ್ಟ್ರ ಲೆಕ್ಕದಲ್ಲಿ ಗಾಡಿ ನಿಲ್ಲಬೇಕಾದ ಊರು ಇದೇ. ನಿಲ್ಲಲಿಲ್ಲ. ನೂರ್ ಅಹಮದ್ ತಾನೇ ನಿಲ್ಲಿಸಿ, ಬರಲನ್ನು ಟ್ಯಾಂಕಿಗೆ ಅದ್ದಿದ. ಉಗುರಿನಷ್ಟು ಕೂಡ ಇರಲಾರದೆಂದು ಎಲ್ಲರೂ ಬಗ್ಗಿ ನೋಡಿದರು. ಬೆಳಗಿನ ಒದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು.

"ಹೇಳ್ಲಿಲ್ವೇನ್ಲಾ, ಗಾಳಿ!" ಎಂದು ಅಡವಿಯಪ್ಪ ಟೈರಿಗೆ ಒದ್ದ.

"ಗಾಳಿ ಸರಿ, ಆದ್ರೆ ಟೈರಿನ ಒಳಗಿನ ಗಾಳಿ ಅಲ್ಲಪ್ಪ, ಹೊರಗಿನ ಗಾಳಿ" ಎಂದು ಮೇಷ್ಟ್ರು ಮುರಿದ ಕೊಡೆ ಎತ್ತಿದರು.

"ನಾನು ಗುಬ್ಬೀಲೇ ಯಡಿಯೂರು ಸಿದ್ಧಲಿಂಗಪ್ಪಂಗೆ ಕಾಯಿ ಹೇಳ್ಕಂಡಿದ್ದೆ. ನೀವಿಬ್ರೂ ಸುಮ್ಕೆ ಕುಣಿದ್ರಿ" ಎಂದಳು ನಿಂಗಮ್ಮ.

ನೂರ್ ಅಹಮದನಿಗೆ ಮಾತ್ರ ಬೇರೆಯೇ ಹೊಳೆಯಿತು. ಅವನು ಬರಲನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿದ. "ಇದು ನನ್ನ ಉಸ್ತಾದರ ಬರಕತ್, ಅವರ ಆಶೀರ್ವಾದ! ಬದುಕಿದ್ದಾಗ ಕೊಡೋಕಾಗ್ಲಿಲ್ಲ ಅಂತ ಹೋಗೋವಾಗ ಅವರ ಮೈಲೇಜು ನನಗೆ ಕೊಟ್ಟು ಹೋಗವ್ರೆ. ಅವರ ಕಾಲ ಮುಗೀತು, ನನ್ನ ಗಾಡಿ ಸರಿಹೋಯ್ತು!"

ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ.

ಕುಣಿಗಲ್ ಸೇರಿದಾಗ ಅಸರ್ ಬಾಂಗ್ ಕೇಳುತ್ತಿತ್ತು. ಲಾಲ್ ಸಾಬರ ಅಳಿಯ ಏಜಾಜ್ ಅಹಮದನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಜಿಲ್ಲೆಯ ಡ್ರೈವರುಗಳು ಹೇಗೆ ಹೇಗೋ ಬಂದು ಸೇರಿದ್ದರು. ಹಸಿರು ಗಾಡಿ ಬೇಲಿಯ ಪಕ್ಕ ನಿಂತಿತ್ತು. ನೂರ್ ಅಹಮದ್ ರೂಢಿಯಂತೆ ಅದರ ಪಕ್ಕದಲ್ಲೇ ತನ್ನ ಗಾಡಿ ನಿಲ್ಲಿಸಿ ಓಡಿದ.

ನಮಾಜಾಯಿತು. ಶವವಿದ್ದ ಡೋಲಿಯ ಬಳಿ ಏಜಾಜ್ ನಿಂತು, ವಾರಸುದಾರರು ಕೇಳುವ ವಾಡಿಕೆಯಂತೆ ಕೇಳಿದ. "ನಮ್ಮ ಮಾವನೋರು ಯಾರಿಗಾದ್ರೂ ಏನಾದ್ರೂ ಕೊಡೋದಿದ್ರೆ ಈಗ್ಲೇ ಹೇಳಿ, ನಾವು ತೀರಿಸ್ತೀವಿ. ಇಲ್ಲಾಂದ್ರೆ ಅಲ್ಲಾಹನ ಹೆಸರಲ್ಲಿ ಮಾಫ್ ಮಾಡ್ಬುಡಿ."

ಎಲ್ಲರೂ ತಲೆ ತಗ್ಗಿಸಿದ್ದರು. ನೂರ್ ಅಹಮದ್ ಮುಂದೆ ಬಂದು ಡೋಲಿಯ ಮೇಲೆ ಕೈಯಿಟ್ಟು, ಕೊನೆಯ ಸಾಲಿಗೂ ಕೇಳುವಂತೆ ಕೂಗಿದ. "ಮಾಫ್! ತಿಳಿದಿದ್ದೂ ಮಾಫ್, ತಿಳೀದೆ ಇದ್ದದ್ದೂ ಮಾಫ್! ಈ ನೂರನಿಗೆ ಉಸ್ತಾದರಿಂದ ಬರಬೇಕಾದ್ದು ಒಂದು ತೊಟ್ಟೂ ಇಲ್ಲ! ಎಲ್ಲಾ ಸಾಕ್ಷಿ!"

"ಸಾಕ್ಷಿ" ಎಂದರು ನೆರೆದವರೆಲ್ಲ. ಏಜಾಜ್ ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟ.

ನೂರ್ ಅಹಮದ್ ಹೆಗಲು ಕೊಟ್ಟ. ಮೂರು ಹಿಡಿ ಮಣ್ಣು ಕೊಟ್ಟ. ಮೇಷ್ಟ್ರೂ ಅಡವಿಯಪ್ಪನೂ ಕೊಟ್ಟರು. ನಿಂಗಮ್ಮ ಮನೆಯಲ್ಲಿ ಹೆಂಗಸರ ಜೊತೆ ಅತ್ತಳು.

ಮಣ್ಣು ಮುಗಿಸಿ ಬಂದು ಶಾಮಿಯಾನದ ಕೆಳಗೆ ಕುಳಿತಾಗ ಡ್ರೈವರುಗಳು ಲಾಲ್ ಸಾಬರ ಮೈಲೇಜಿನ ಕತೆಗಳನ್ನು ಹೇಳತೊಡಗಿದರು. ನೂರ್ ಅಹಮದ್ ಎದ್ದು ಹೆಬ್ಬೂರಿನ ಪವಾಡವನ್ನು ಹೇಳಿದ. ಹೇಳುತ್ತ ಹೇಳುತ್ತ ಅವನೂ ಅತ್ತ, ಕೇಳುವವರೂ ಅತ್ತರು. ಆ ಹೊತ್ತಿಗೆ ಸರಿಯಾಗಿ ಏಜಾಜ್ ಯಡಿಯೂರಿನ ಕಡೆಯ ನೆಂಟರನ್ನು ಹಸಿರು ಗಾಡಿಗೆ ತುಂಬಿಕೊಂಡು ಬಿಟ್ಟು ಬರಲು ಹೊರಟ. "ನೋಡಿ, ಯಜಮಾನ ಇಲ್ದಿದ್ರೂ ಹೆಂಗೆ ಓಡ್ತಾ ಅದೆ ಗಾಡಿ!" ಎಂದು ನೂರ್ ಅಹಮದ್ ಕೈಯೆತ್ತಿ ಹರಸಿದ. ಹಿರಿಯ ಡ್ರೈವರೊಬ್ಬರು ಲಾಲ್ ಸಾಬರ ಹಸಿರು ರುಮಾಲನ್ನು ತಂದು ಅವನ ತಲೆಗೆ ಸುತ್ತಿ, "ಇನ್ಮೇಲೆ ನೀನೇ ನಮ್ಗೆ ಮೈಲೇಜ್ ಉಸ್ತಾದ್" ಎಂದರು. ಜನ ಸಾಲುಗಟ್ಟಿ ಅವನ ಕೈಗೆ ಮುತ್ತಿಟ್ಟರು.

ಆಮೇಲೆ ಒಳಗಿನಿಂದ ಕರೆ ಬಂತು. ಲಾಲ್ ಸಾಬರ ಹೆಂಡತಿ ಜಮಾಲುನ್ನೀಸಾ ಪರದೆಯ ಹಿಂದೆ ಕುಳಿತಿದ್ದರು.

"ಬಂದ್ಯಾ ನೂರ? ನೀನು ಮಾಫ್ ಅಂದದ್ದು ಒಳಗೂ ಕೇಳಿಸ್ತಪ್ಪ. ಅವರ ಕೊನೇ ಮಾತೇ ಅದು. ನೂರ ಮಾಫ್ ಅಂದ್ಮೇಲೆ ಇದನ್ನ ಅವನ ಕೈಗೆ ಕೊಡು, ಅದಕ್ಕೂ ಮುಂಚೆ ಕೊಡ್ಬೇಡ ಅಂದಿದ್ರು."

ಪರದೆಯ ಅಡಿಯಿಂದ ಒಂದು ಗಂಟು ಬಂತು. ಗುರುವಿನ ಕಾಣಿಕೆಯೆಂದು ನೂರ್ ಅಹಮದ್ ಕಣ್ಣಿಗೊತ್ತಿಕೊಂಡು ಬಿಚ್ಚಿದ. ಒಳಗೆ ಮಾರುದ್ದದ ರಬ್ಬರ್ ಪೈಪು ಸುತ್ತಿಟ್ಟಿತ್ತು. ಒಂದು ತುದಿಯಲ್ಲಿ ವರ್ಷಗಳಿಂದ ಕಚ್ಚಿ ಹಿಡಿದ ಹಲ್ಲಿನ ಗುರುತು. ಇನ್ನೊಂದು ತುದಿಯಲ್ಲಿ ಡೀಸೆಲ್ ವಾಸನೆ. ಜೊತೆಗೆ ಒಂದು ಪೊಟ್ಟಣ ಲವಂಗ.

ಹುಣಸೆ ಮರ, ಇಶಾ ನಮಾಜು, ಪುದೀನ, ಅಕ್ಕಪಕ್ಕ ನಿಂತ ಎರಡು ಟ್ಯಾಂಕು, ಎಲ್ಲವೂ ನೂರ್ ಅಹಮದನ ತಲೆಯಲ್ಲಿ ಒಂದೊಂದಾಗಿ ಬಂದು ಕುಳಿತವು. ಬೆಳಗಿನ ಬುಗುಟು ಈಗ ನೋಯತೊಡಗಿತು. ಹೊರಗೆ ಹೋಗಿ ಕೂಗಿ ಹೇಳಬೇಕೆನ್ನಿಸಿತು. ಆದರೆ ಏನೆಂದು ಕೂಗುವುದು? ಸತ್ತವರ ಮೇಲೆ ದೂರು ಹೇಳಬಾರದು. ಮೇಲಾಗಿ ಒಂದು ತೊಟ್ಟೂ ಬಾಕಿಯಿಲ್ಲವೆಂದು ತಾನೇ ಜಿಲ್ಲೆಯ ಸಾಕ್ಷಿ ಹಾಕಿಸಿ ಬಂದಿದ್ದಾನೆ. ತಲೆಯ ಮೇಲೆ ಅವರದೇ ರುಮಾಲು ಬೇರೆ.

ಪೈಪನ್ನು ಸುತ್ತುವಾಗ ಅವನ ಅಂಗೈ ಒದ್ದೆಯಾಯಿತು.

ಲಾಲ್ ಸಾಬರು ಹಾಸಿಗೆ ಹಿಡಿದು ಎಷ್ಟೋ ದಿನವಾಗಿತ್ತು. ಪೈಪು ಇನ್ನೂ ಒದ್ದೆಯಾಗಿರುವುದು ಹೇಗೆ?

ನೂರ್ ಅಹಮದ್ ಹೊರಗೆ ಓಡಿ, ಹುಣಸೆ ಬರಲನ್ನು ಟ್ಯಾಂಕಿಗೆ ಅದ್ದಿದ. ಅದು ಬುಡದವರೆಗೆ ಹೋಗಿ ಟಕ್ಕೆಂದಿತು. ತೆಗೆದು ನೋಡಿದರೆ ಒಲೆಗೆ ಹಾಕುವಷ್ಟು ಒಣಗಿತ್ತು.

ಅಷ್ಟರಲ್ಲಿ ಹಸಿರು ಗಾಡಿ ಕೆಮ್ಮುತ್ತ ಬಂದು ಬೇಲಿಯ ಬಳಿ ನಿಂತುಹೋಯಿತು. ಏಜಾಜ್ ಇಳಿದು ಬಂದು ನೂರ್ ಅಹಮದನನ್ನು ಗಟ್ಟಿಯಾಗಿ ತಬ್ಬಿಕೊಂಡ.

"ನೂರ್ ಭಾಯ್, ನಿಮ್ ಉಪಕಾರ ಮರೆಯಲ್ಲ. ಮಾವನೋರ ಗಾಡಿ ಗುಬ್ಬಿ ಬಿಟ್ಟ ಮೇಲೆ ಯಾಕೋ ವಿಪರೀತ ಕುಡೀತಿತ್ತು. ತೊಂದರೆ ಬಂದ್ರೆ ಚಿಂತೆ ಮಾಡ್ಬೇಡ, ನೂರನ ಟ್ಯಾಂಕು ಬತ್ತದ ಕೆರೆ ಅಂತ ಮಾವನೋರೇ ಹೇಳಿದ್ರು. ಹೇಳಿದಂಗೇ ಆಯ್ತು."

ಅವನ ಬಾಯಿಂದ ಲವಂಗದ ಘಮ ಬರುತ್ತಿತ್ತು.

ಶಾಮಿಯಾನದ ಕಡೆಯಿಂದ ಮೇಷ್ಟ್ರು, ಅಡವಿಯಪ್ಪ, ನಿಂಗಮ್ಮ ನಡೆದು ಬಂದರು. ಅವರ ಹಿಂದೆ ಡ್ರೈವರುಗಳ ಗುಂಪೇ ಇತ್ತು. "ಹೊರಡಾಣೇನ್ಲಾ ಉಸ್ತಾದು?" ಎಂದ ಅಡವಿಯಪ್ಪ. "ಡೀಸೆಲ್ ಎಷ್ಟಿದೆ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ" ಎಂದ ನೂರ್ ಅಹಮದ್.

ಗುಂಪಿನಲ್ಲಿ ಭಕ್ತಿಯ ಗುಜುಗುಜು ಎದ್ದಿತು. "ಇಲ್ವಂತೆ! ಡೀಸೆಲ್ಲೇ ಇಲ್ದೆ ಗುಬ್ಬಿಗೆ ಓಡಿಸ್ತಾರಂತೆ!" ಎಂದು ಹಿರಿಯ ಡ್ರೈವರು ಹಿಂದಿನವರಿಗೆ ತಿಳಿಸಿದರು. ಪವಾಡ ಚೆನ್ನಾಗಿ ಕಾಣಲೆಂದು ಎಲ್ಲರೂ ರಸ್ತೆಯ ಎರಡೂ ಬದಿಗೆ ಸರಿದು ನಿಂತರು. ಮೂವರು ಪ್ರಯಾಣಿಕರೂ ಗಾಡಿ ಹತ್ತಿ, ಯಾರೂ ಹೇಳದೆಯೇ ಸಾಲಾಗಿ ಮಲಗಿದರು.

ನೂರ್ ಅಹಮದ್ ಸ್ಟಿಯರಿಂಗಿನ ಮುಂದೆ ಕುಳಿತ. ಒಂದು ಲವಂಗ ಬಾಯಿಗೆ ಹಾಕಿಕೊಂಡ. ಬೇಲಿಯಾಚೆ, ಖಬರಸ್ತಾನದ ಕಡೆ ಬಿಸಿಲು ಕೆಂಪಾಗುತ್ತಿತ್ತು. ಆ ಮುದುಕ ಬೆನ್ನು ಸವರಿದ ಕೈ ನೆನಪಾಗಿ ಅವನ ಕಣ್ಣು ಮತ್ತೆ ತುಂಬಿತು. ಈ ಸಲ ಯಾತಕ್ಕಾಗಿ ಎಂದು ಅವನಿಗೇ ತಿಳಿಯಲಿಲ್ಲ. ಎರಡೂ ಕೈ ಎತ್ತಿ, ಯಾರಿಗೂ ಕೇಳದಂತೆ ಬೇಡಿಕೊಂಡ.

"ಯಾ ಅಲ್ಲಾಹ್, ನಾನು ಮಾಫ್ ಅಂದಾಗಿದೆ, ಆ ಮಾತು ತಿರುಗಿಸೋಲ್ಲ. ನೀನೂ ಮಾಫ್ ಮಾಡು. ನನ್ನ ಉಸ್ತಾದರ ಗೋರಿಯಲ್ಲಿ ಬೆಳಕು ತುಂಬು, ಅವರಿಗೆ ಜಾಗ ವಿಶಾಲ ಮಾಡಿಕೊಡು. ಮುಂದೆ ಒಂದು ದಿನ ನನ್ನ ಗಾಡಿಯೂ ನಿನ್ನ ಅಂಗಳಕ್ಕೆ ಬಂದಾಗ ಅವರ ಪಕ್ಕದಲ್ಲೇ ನಿಲ್ಲಿಸಿಕೊಳ್ಳೋಕೆ ಅಪ್ಪಣೆ ಕೊಡು. ಟ್ಯಾಂಕಿನ ಮುಚ್ಚಳಕ್ಕೆ ಒಂದು ಬೀಗ ಮಾತ್ರ ದಯಪಾಲಿಸು. ಅವರ ಜೀವಕ್ಕೆ ಶಾಂತಿ ಕೊಡು ದೇವರೇ. ಆಮೀನ್."